ಮನಸ್ಸಿನ ತಳಮಳಕ್ಕೆ ಈಮಾನಿನ ಕೊರತೆಯೊಂದೇ ಕಾರಣವೇ?

ಜುಮಾ ನಮಾಝ್ ಮುಗಿದು ಜನರೆಲ್ಲ ಚದುರಿದ ಮೇಲೆಯೂ ಮಸೀದಿಯ ಮೂಲೆಯಲ್ಲಿ ಒಬ್ಬಿಬ್ಬರು ಉಳಿದುಕೊಳ್ಳುತ್ತಾರೆ. ಇಮಾಮರು ಬಿಡುವಾಗುವುದನ್ನೇ ಕಾದಿದ್ದು, ಹತ್ತಿರ ಬಂದು, ದನಿ ತಗ್ಗಿಸಿ, "ದಿಲ್ ಘಬ್‌ರಾರಾ ಹಜ್ರತ್" ಎನ್ನುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಊರಿನ ಮಸೀದಿಗೆ ಹೋದರೂ ಈ ಮಾತು ಹೊಸದಲ್ಲ. ಕೆಲವರಿಗೆ ರಾತ್ರಿ ನಿದ್ದೆಯಿಲ್ಲ. ಕೆಲವರಿಗೆ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ. ಇನ್ನು ಕೆಲವರು ವುಝೂ ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂಬ ಸಂಶಯದಲ್ಲಿ ಐದಾರು ಸಲ ಕೈಕಾಲು ತೊಳೆದು, ಜಮಾಅತ್ ತಪ್ಪಿಸಿಕೊಂಡು, ಕಣ್ಣೀರಿಡುತ್ತಾರೆ. ಹೆಂಗಸರ ಸಂಕಟವಂತೂ ಗಂಡನ ಮೂಲಕವೋ ತಮ್ಮನ ಮೂಲಕವೋ ಅರ್ಧಂಬರ್ಧವಾಗಿ ಬಂದು ತಲುಪುತ್ತದೆ.

ಇವರಿಗೆ ಸಾಮಾನ್ಯವಾಗಿ ಸಿಗುವ ಉತ್ತರವೇನು? ನಝರ್ ಆಗಿರಬೇಕು, ಯಾರೋ ಮಾಡಿಸಿರಬೇಕು, ನಮಾಝಿನಲ್ಲಿ ಮನಸ್ಸಿಲ್ಲ, ಈಮಾನ್ ದುರ್ಬಲವಾಗಿದೆ. ಕೊನೆಯ ಮಾತು ಎಲ್ಲಕ್ಕಿಂತ ಹೆಚ್ಚು ನೋಯಿಸುವಂಥದ್ದು. ಮೊದಲೇ ಕುಗ್ಗಿರುವ ವ್ಯಕ್ತಿಯ ಹೆಗಲ ಮೇಲೆ ಪಾಪಭಾರವೊಂದನ್ನು ಹೊರಿಸಿ ಕಳುಹಿಸುವ ಈ ಪದ್ಧತಿಯನ್ನು ನಾವು ಒಪ್ಪಲಾರೆವು.

ಅಲ್ಲಾಹನ ಸ್ಮರಣೆಯಿಂದ ಹೃದಯಗಳು ನೆಮ್ಮದಿ ಪಡೆಯುತ್ತವೆ ಎಂಬುದನ್ನು ಪವಿತ್ರ ಕುರ್‌ಆನ್ ಸೂರಃ ಅರ್‌ರಅದ್‌ನಲ್ಲಿ ಸ್ಪಷ್ಟವಾಗಿ ತಿಳಿಸಿದೆ. ಅದರಲ್ಲಿ ಯಾವ ಸತ್ಯವಿಶ್ವಾಸಿಗೂ ಸಂಶಯವಿಲ್ಲ. ಆದರೆ ಅದೇ ಕುರ್‌ಆನ್ ಪ್ರವಾದಿ ಯಅಕೂಬ್(ಅ)ರ ದುಃಖವನ್ನೂ ವರ್ಣಿಸಿದೆ. ಮಗನ ಅಗಲಿಕೆಯಲ್ಲಿ ಅವರ ಕಣ್ಣುಗಳು ಬೆಳ್ಳಗಾದವು. ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಪ್ರವಾದಿವರ್ಯರ(ಸ) ಚರಿತ್ರೆಕಾರರು 'ದುಃಖದ ವರ್ಷ' ಎಂದೇ ಕರೆದಿದ್ದಾರೆ. ದುಃಖ, ಭಯ, ತಳಮಳಗಳು ಮನುಷ್ಯ ಸಹಜ. ದೇಹ ಬಳಲಿದಾಗ ಅವು ಹೆಚ್ಚುತ್ತವೆ, ದೇಹವನ್ನು ಸರಿಯಾಗಿ ನೋಡಿಕೊಂಡಾಗ ಒಂದಷ್ಟು ಮಟ್ಟಿಗೆ ತಗ್ಗುತ್ತವೆ. ಈ ಎರಡನೆಯ ಮಾತು ನಮ್ಮ ವೇದಿಕೆಗಳಲ್ಲಿ ಕೇಳಿಬರುವುದು ಅಪರೂಪ.

ಸಹೀಹ್ ಬುಖಾರಿಯಲ್ಲಿ ಸಲ್ಮಾನ್ ಫಾರ್ಸಿ(ರ) ಮತ್ತು ಅಬುದ್ದರ್ದಾ(ರ)ರ ಘಟನೆಯಿದೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಅಬುದ್ದರ್ದಾ(ರ) ತಮ್ಮನ್ನೂ ಮನೆಯವರನ್ನೂ ಮರೆತಿದ್ದರು. ಅತಿಥಿಯಾಗಿ ಬಂದ ಸಲ್ಮಾನ್(ರ) ಅವರಿಗೆ ಪಟ್ಟುಹಿಡಿದು ಊಟ ಮಾಡಿಸಿದರು, ಪಟ್ಟುಹಿಡಿದು ಮಲಗಿಸಿದರು, ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಜೊತೆಯಾಗಿ ನಮಾಝ್ ಮಾಡಿದರು. ಪ್ರಭುವಿನ ಹಕ್ಕಿನಂತೆಯೇ ನಿನ್ನ ಸ್ವಂತಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದರು. ದೂರು ಪ್ರವಾದಿವರ್ಯರ(ಸ) ಬಳಿಗೆ ಹೋದಾಗ, ಸಲ್ಮಾನ್ ಹೇಳಿದ್ದು ನಿಜವೆಂದು ಅವರು ತೀರ್ಪಿತ್ತರು. ಅಂದರೆ ಊಟವೂ ನಿದ್ದೆಯೂ ದೀನಿನ ಹೊರಗಿನ ವಿಷಯಗಳಲ್ಲ.

ಆಹಾರ ಮತ್ತು ನಿದ್ರೆಯ ಕುರಿತು ನಮ್ಮ ನಾಡು ಸಾವಿರಾರು ವರ್ಷಗಳಿಂದ ಕೂಡಿಟ್ಟ ತಿಳಿವಳಿಕೆಯ ಹೆಸರು ಆಯುರ್ವೇದ. ದೇಹವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳಲ್ಲಿ ಮೊದಲನೆಯದು ಆಹಾರ, ಎರಡನೆಯದು ನಿದ್ರೆ, ಮೂರನೆಯದು ಇಂದ್ರಿಯ ಸಂಯಮ ಎಂದು ಚರಕ ಸಂಹಿತೆ ಹೇಳುತ್ತದೆ. ವಾತ, ಪಿತ್ತ, ಕಫಗಳು ದೇಹದ ದೋಷಗಳಾದರೆ ರಜಸ್ಸು, ತಮಸ್ಸುಗಳು ಮನಸ್ಸಿನ ದೋಷಗಳು. ಚಿತ್ತದ ಚಾಂಚಲ್ಯ, ಭಯ, ನಿದ್ರಾನಾಶಗಳಿಗೆ ವಾತದ ಕೆರಳುವಿಕೆಯೊಂದಿಗೆ ನಂಟಿದೆ. ಒಣಕಲು, ತಣ್ಣನೆಯ, ಹೊತ್ತುಗೊತ್ತಿಲ್ಲದ ಊಟದಿಂದಲೂ ರಾತ್ರಿ ಜಾಗರಣೆಯಿಂದಲೂ ಅತಿಯಾದ ಚಿಂತೆಯಿಂದಲೂ ವಾತ ಕೆರಳುತ್ತದೆ; ಬಿಸಿಯಾದ, ಜಿಡ್ಡಿನ ಅಂಶವುಳ್ಳ, ಹೊತ್ತಿಗೆ ಸರಿಯಾದ ಊಟದಿಂದಲೂ ಎಣ್ಣೆ ನೀರಿನಿಂದಲೂ ಶಮನವಾಗುತ್ತದೆ. ಇದು ವೈದ್ಯರ ಮಾತಷ್ಟೇ ಅಲ್ಲ, ನಮ್ಮ ಅಜ್ಜಿಯಂದಿರ ಅಡಿಗೆಮನೆಯ ಮಾತು ಕೂಡ.

ಇಲ್ಲಿ ಕೆಲವರ ಹುಬ್ಬೇರುತ್ತದೆಂಬುದನ್ನು ಬಲ್ಲೆವು. ಯೂನಾನಿಯಾದರೆ ನಮ್ಮದು, ಆಯುರ್ವೇದ 'ಅವರದು' ಎಂಬ ಭಾವನೆ ಇತ್ತೀಚಿನ ದಿನಗಳಲ್ಲಿ ಬಲವಾಗುತ್ತಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಬಗ್ದಾದಿನಲ್ಲಿ ಹಾರೂನ್ ರಶೀದರ ವಝೀರರಾಗಿದ್ದ ಬರ್ಮಕೀ ಮನೆತನದವರು ಭಾರತದ ವೈದ್ಯರನ್ನು ಕರೆಸಿಕೊಂಡು ಸುಶ್ರುತ ಸಂಹಿತೆಯನ್ನು ಅರಬಿಗೆ ತರಿಸಿದರು. ಸುಮಾರು 850ರಲ್ಲಿ ಅಲೀ ಇಬ್ನ್ ರಬ್ಬನ್ ತಬರಿ ರಚಿಸಿದ 'ಫಿರ್ದೌಸುಲ್ ಹಿಕ್ಮ' ಎಂಬ ವೈದ್ಯಗ್ರಂಥದ ಕೊನೆಯ ಭಾಗವು ಪೂರ್ತಿಯಾಗಿ ಭಾರತೀಯ ವೈದ್ಯಕ್ಕೆ ಮೀಸಲಾಗಿದೆ. 1512ರಲ್ಲಿ ಸಿಕಂದರ್ ಲೋದಿಯ ಆಶ್ರಯದಲ್ಲಿ ಮಿಯಾನ್ ಭುವಾ ಆಯುರ್ವೇದ ಸಂಹಿತೆಗಳ ಸಾರವನ್ನು ಪಾರ್ಸಿಯಲ್ಲಿ ಸಂಗ್ರಹಿಸಿದರು. ನಮ್ಮ ಕನ್ನಡ ನೆಲಕ್ಕೇ ಬಂದರೆ, ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಚರಿತ್ರೆಕಾರ ಮುಹಮ್ಮದ್ ಕಾಸಿಂ ಫಿರಿಶ್ತಾ 'ದಸ್ತೂರುಲ್ ಅತಿಬ್ಬಾ' ಎಂಬ ಗ್ರಂಥವನ್ನು ಬರೆದದ್ದೇ ಭಾರತೀಯ ವೈದ್ಯಪದ್ಧತಿಯನ್ನು ಪಾರ್ಸಿ ಬಲ್ಲವರಿಗೆ ತಿಳಿಸಲೆಂದು. ಸಂತೇಬೆನ್ನೂರಿನ ಪುಷ್ಕರಣಿಯ ಬಳಿಯಿರುವ ಮುಸಾಫಿರ್‌ಖಾನೆಯನ್ನು ನೋಡಿದವರಿಗೆ ಬಿಜಾಪುರ ನಮ್ಮ ಚನ್ನಗಿರಿ ಸೀಮೆಗೆ ಎಷ್ಟು ಹತ್ತಿರವಿತ್ತೆಂಬುದು ಗೊತ್ತು. ಜ್ಞಾನವೆಂಬುದು ಎಲ್ಲಿ ಸಿಕ್ಕರೂ ತಮ್ಮದೆಂದು ಆ ಹಿರಿಯರು ಎತ್ತಿಕೊಂಡರು, ತಮ್ಮ ತೌಹೀದಿಗೆ ಹೊಂದದ್ದನ್ನು ಬಿಟ್ಟರು. ಮಂತ್ರ, ಹೋಮಗಳ ಭಾಗ ನಮಗೆ ಸಲ್ಲದು. ಆ ಜಾಗದಲ್ಲಿ ನಮಗೆ ದುಆ ಇದೆ. ಗಂಜಿ, ತುಪ್ಪ, ಮಜ್ಜಿಗೆಗಳಿಗೆ ಯಾವ ಮತವೂ ಇಲ್ಲ.

ಒಂದು ಹೋಲಿಕೆಯನ್ನಂತೂ ಹೇಳದೆ ಮುಂದೆ ಹೋಗಲಾರೆವು. ಹೊಟ್ಟೆಯ ಮೂರನೆಯ ಒಂದು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿವಚನವನ್ನು ತಿರ್ಮಿದಿಯಲ್ಲಿ ಓದುತ್ತೇವೆ. ಚರಕ ಸಂಹಿತೆಯ ವಿಮಾನಸ್ಥಾನವನ್ನು ತೆರೆದರೆ, ಹೊಟ್ಟೆಯನ್ನು ಮೂರು ಪಾಲಾಗಿ ಎಣಿಸಿ ಒಂದನ್ನು ಗಟ್ಟಿ ಆಹಾರಕ್ಕೂ ಒಂದನ್ನು ದ್ರವಕ್ಕೂ ಒಂದನ್ನು ವಾತ ಪಿತ್ತ ಕಫಗಳ ಸಂಚಾರಕ್ಕೂ ಬಿಡಬೇಕೆಂಬ ಮಾತು ಸಿಗುತ್ತದೆ. ಮದೀನಾದ ಮಸೀದಿಗೂ ಭಾರತದ ವೈದ್ಯರ ಗುರುಕುಲಕ್ಕೂ ನಡುವೆ ಎಷ್ಟು ದೂರ! ಇದನ್ನು ಹಿಡಿದುಕೊಂಡು ಯಾರು ಯಾರಿಂದ ಪಡೆದರೆಂಬ ವಾದಕ್ಕೆ ಇಳಿಯುವವರಿದ್ದಾರೆ. ನಮಗೆ ಆ ವಾದದಲ್ಲಿ ಆಸಕ್ತಿಯಿಲ್ಲ. ಎರಡೂ ಕಡೆ ಹೇಳಿದ್ದನ್ನು ನಮ್ಮ ಮದುವೆಯ ದಸ್ತರ್‌ಖಾನಿನ ಮುಂದೆ ಕುಳಿತಾಗ ಯಾರೂ ನೆನೆಯುವುದಿಲ್ಲವಲ್ಲ ಎಂಬುದಷ್ಟೇ ನಮ್ಮ ವ್ಯಥೆ.

ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ವಿಂಗಡಿಸುತ್ತದೆ. ಮಳೆ ಕಡಿಮೆಯ ಒಣನೆಲ ಜಾಂಗಲ, ನೀರು ತುಂಬಿದ ತಂಪುನೆಲ ಆನೂಪ. ನಮ್ಮ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ಒಂದೇ ನೆಲವಲ್ಲ. ಸೂಳೆಕೆರೆಯ ನೀರು, ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿಯಲ್ಲಿ ಅಡಿಕೆ ತೋಟಗಳು ದಟ್ಟೈಸಿವೆ. ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ಭತ್ತ ಬೆಳೆಯುತ್ತದೆ. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿ ಮಲೆನಾಡಿನ ಸೆರಗಿಗೆ ತಾಗಿಕೊಂಡಿದೆ. ಜಗಳೂರು ಮಾತ್ರ ಬರದ ನಾಡು. ಮುಗಿಲು ನೋಡಿ ಬಿತ್ತುವ ಜನ. ಅಲ್ಲಿನ ಗಾಳಿಯೇ ಒಣದು, ಬದುಕೂ ಅನಿಶ್ಚಿತ. ಅಂಥ ನೆಲದಲ್ಲಿ ಹಿರಿಯರು ಬೆಳಿಗ್ಗೆ ರಾಗಿ ಅಂಬಲಿ ಮಜ್ಜಿಗೆ, ಮಧ್ಯಾಹ್ನ ಬಿಸಿ ಮುದ್ದೆಯೋ ಜೋಳದ ರೊಟ್ಟಿಯೋ, ಜೊತೆಗೆ ಶೇಂಗಾ ಚಟ್ನಿ, ಎಣ್ಣೆಯ ಒಗ್ಗರಣೆಯ ಸೊಪ್ಪು ಎಂದು ಉಣ್ಣುತ್ತಿದ್ದುದು ಬಡತನದಿಂದ ಮಾತ್ರವಲ್ಲ. ನೆಲದ ಒಣತನವನ್ನು ದೇಹಕ್ಕೆ ಇಳಿಯಲು ಬಿಡದ ಜಾಣತನ ಅದರಲ್ಲಿತ್ತು. ನ್ಯಾಮತಿ, ಹೊನ್ನಾಳಿ ಕಡೆ ಗದ್ದೆಯ ಬದುವಿನಲ್ಲಿ ಸಿಗುವ ಒಂದೆಲಗವನ್ನು ಅರೆದು ಮಜ್ಜಿಗೆಯಲ್ಲಿ ಕಲಸಿ ತಂಬುಳಿ ಮಾಡುವ ಮನೆಗಳು ಈಗಲೂ ಇವೆ. ನೆನಪಿನ ಶಕ್ತಿಗೂ ಮನಸ್ಸಿನ ತಂಪಿಗೂ ಒಳ್ಳೆಯದೆಂದು ಅದಕ್ಕೆ ಹೆಸರು.

ಈಗೇನು ಉಣ್ಣುತ್ತೇವೆ? ಫಜ್ರ್ ಆದ ಕೂಡಲೇ ಬರಿ ಹೊಟ್ಟೆಗೆ ಚಹಾ. ಹತ್ತು ಗಂಟೆಗೆ ಮತ್ತೊಂದು. ಮಧ್ಯಾಹ್ನದ ಊಟ ಮೂರಕ್ಕೋ ನಾಲ್ಕಕ್ಕೋ. ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ, ಅದರ ಮೇಲೆ ಚಹಾ. ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆ ಕುಡಿದು ದುಡಿಯುವವರಲ್ಲಿ ದಾವಣಗೆರೆಯ ನಮ್ಮವರೇ ಬಹಳ. ಆ ಅನ್ನವನ್ನು ನಾವು ಹಳಿಯುವುದಿಲ್ಲ. ಸಂಜೆಗೊಮ್ಮೆ ಕೈತುಂಬ ತಿನ್ನುವುದು ಬೇರೆ, ಅದನ್ನೇ ಊಟ ಮಾಡಿಕೊಂಡು ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಬಿರಿಯ ಉಣ್ಣುವುದು ಬೇರೆ. ಮನೆಯ ಹೆಂಗಸರ ಸ್ಥಿತಿ ಇನ್ನೂ ಕಷ್ಟ. ಎಲ್ಲರದೂ ಆದ ಮೇಲೆ, ಆರಿದ್ದನ್ನು, ಉಳಿದದ್ದನ್ನು ಉಂಡು, ಮೇಲೊಂದು ಲೋಟ ಚಹಾ ಕುಡಿಯುತ್ತಾರೆ. ಊಟದ ಜೊತೆಯ ಚಹಾ ಆಹಾರದಲ್ಲಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತಹೀನತೆಯಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಸುಸ್ತಾಗುತ್ತದೆ, ಮನಸ್ಸು ಕಿರಿಕಿರಿಗೊಳ್ಳುತ್ತದೆ. ಥೈರಾಯ್ಡ್ ಏರುಪೇರಾದರೂ ಹಾಗೆಯೇ. "ದಿಲ್ ಘಬ್‌ರಾರಾ" ಎಂದ ಸೋದರಿಗೆ ತಾವೀಝ್ ಬರೆದುಕೊಡುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ ಎಂದು ಹೇಳಲು ಆಲಿಮರಿಗೆ ಏನು ಅಡ್ಡಿ?

ಮಾಂಸದ ವಿಷಯವನ್ನೂ ಬಿಡದೆ ಹೇಳೋಣ. ಮುಸ್ಲಿಮರು ಮಾಂಸ ತಿನ್ನುವುದರಿಂದಲೇ ಅವರ ಮನಸ್ಸು ಉಗ್ರ, ಚಂಚಲ ಎಂದು ಭಾಷಣ ಬಿಗಿಯುವವರು ಆಯುರ್ವೇದದ ಹೆಸರನ್ನೇ ಎಳೆದು ತರುತ್ತಾರೆ. ಸಾತ್ವಿಕ, ರಾಜಸ, ತಾಮಸ ಎಂಬ ಆಹಾರ ವಿಂಗಡಣೆ ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಪ್ರಸಿದ್ಧವಾದದ್ದು. ಚರಕ, ಸುಶ್ರುತರು ಆಹಾರವನ್ನು ತೂಗುವುದು ಮುಖ್ಯವಾಗಿ ಅದು ಜೀರ್ಣಕ್ಕೆ ಭಾರವೋ ಹಗುರವೋ, ಜಿಡ್ಡೋ ಒಣಕಲೋ, ಉಣ್ಣುವವನ ಜಠರಾಗ್ನಿ ಎಷ್ಟು ಬಲವಾಗಿದೆ ಎಂಬುದರ ಮೇಲೆ. ಕೃಶರಾದವರಿಗೆ, ವಾತದಿಂದ ಬಳಲುವವರಿಗೆ ಮಾಂಸದ ತಿಳಿಸಾರನ್ನು ಚರಕ ಸಂಹಿತೆ ವಿಧಿಸುತ್ತದೆ. ಆಡಿನ ಮಾಂಸವನ್ನು ಅತಿ ಭಾರವಲ್ಲದ್ದೆಂದು ಮೆಚ್ಚುತ್ತದೆ. ಆದ್ದರಿಂದ ಆ ಆರೋಪಕ್ಕೆ ವೈದ್ಯಗ್ರಂಥದ ಆಸರೆಯಿಲ್ಲ. ಆದರೆ ಇದನ್ನು ಕೇಳಿ ಸಂತೋಷಪಡುವವರು ಇನ್ನೊಂದನ್ನೂ ಕೇಳಬೇಕು. ಮಾಂಸಕ್ಕೆ ಮದ್ಯದಂತೆಯೇ ಒಂದು ಚಟವಿದೆ, ಎಚ್ಚರವಾಗಿರಿ ಎಂದು ಉಮರ್(ರ) ಹೇಳಿದ್ದನ್ನು ಇಮಾಮ್ ಮಾಲಿಕರು ತಮ್ಮ ಮುಅತ್ತಾದಲ್ಲಿ ದಾಖಲಿಸಿದ್ದಾರೆ. ನಡುರಾತ್ರಿಯ ವಲೀಮಾದಲ್ಲಿ ಬಿರಿಯಾನಿ, ಮರುದಿನ ಉಳಿದ ಬಿರಿಯಾನಿ, ಅದರ ಜೊತೆ ಬಣ್ಣದ ಪಾನೀಯ, ಇದು ಸುನ್ನತ್ತೂ ಅಲ್ಲ, ಚರಕನ ತಿಳಿಸಾರೂ ಅಲ್ಲ.

ಹಾಗಾದರೆ ಸುನ್ನತ್ತಿನಲ್ಲಿ ಮನಸ್ಸಿಗೆ ಹಿತವಾದ ಆಹಾರವೆಂದು ಏನಾದರೂ ಇದೆಯೇ? ಇದೆ. ಮನೆಯಲ್ಲಿ ಸಾವಾದಾಗ ಆಯಿಶಾ(ರ) ತಲ್ಬೀನ ಎಂಬ ಜವೆಗೋಧಿಯ ಗಂಜಿಯನ್ನು ಮಾಡಿಸಿ, ಅದು ರೋಗಿಯ ಹೃದಯಕ್ಕೆ ಆರಾಮ ನೀಡುತ್ತದೆ, ದುಃಖವನ್ನು ಒಂದಷ್ಟು ಕಳೆಯುತ್ತದೆ ಎಂಬ ಪ್ರವಾದಿವಾಕ್ಯವನ್ನು ನೆನೆಯುತ್ತಿದ್ದರು. ಒಂದಷ್ಟು ಎಂಬ ಮಾತನ್ನು ಗಮನಿಸಬೇಕು. ಎಲ್ಲ ದುಃಖವನ್ನೂ ಅಳಿಸಿಹಾಕುತ್ತದೆಂದು ಅಲ್ಲಿ ಹೇಳಿಲ್ಲ. ಇಂದು ತಲ್ಬೀನವನ್ನು ಚಂದದ ಡಬ್ಬಿಯಲ್ಲಿ ತುಂಬಿ, ಖಿನ್ನತೆಗೆ ರಾಮಬಾಣವೆಂದು ಮೊಬೈಲಿನಲ್ಲಿ ಮಾರುವವರು ಈ ಮಾತನ್ನು ನುಂಗಿಬಿಡುತ್ತಾರೆ. ಅಶ್ವಗಂಧ, ಬ್ರಾಹ್ಮಿ ಎಂದು ಮಾರುವವರದೂ ಅದೇ ವರಸೆ. ಜವೆಗೋಧಿ ಸಿಗದ ಜಗಳೂರಿನ ಹಳ್ಳಿಯಲ್ಲಿ ಸಾವಿನ ಮನೆಗೆ ನೆರೆಯವರು ಬಿಸಿ ರಾಗಿ ಗಂಜಿಯನ್ನು ಒಯ್ದರೆ ಆ ಸುನ್ನತ್ತಿನ ಆಶಯ ಈಡೇರುತ್ತದೆಂದು ನಾವು ಭಾವಿಸುತ್ತೇವೆ. ಗಂಜಿಯೊಂದಿಗೆ ಒಬ್ಬ ಮನುಷ್ಯನೂ ಹೋಗುತ್ತಾನಲ್ಲ.

ಇನ್ನು ನಿದ್ದೆ. ಇಶಾ ನಮಾಝಿನ ನಂತರ ಹರಟೆಯಲ್ಲಿ ಕೂರುವುದನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ನಮ್ಮ ಹುಡುಗರ ದಿನವಾದರೋ ಇಶಾದ ನಂತರವೇ ಆರಂಭ. ಎರಡು ಗಂಟೆಯವರೆಗೆ ಮೊಬೈಲಿನ ಬೆಳಕು, ಫಜ್ರ್‌ಗೆ ಏಳಲಾಗದ ಪಾಪಪ್ರಜ್ಞೆ, ಹಗಲು ತೂಕಡಿಕೆ, ಅದನ್ನು ಓಡಿಸಲು ಚಹಾ ಮತ್ತು ಪುಡಿ. ಕೆಡುಕೆಂದು ತಿಳಿದೂ ಮಾಡುವುದಕ್ಕೆ ಚರಕ 'ಪ್ರಜ್ಞಾಪರಾಧ' ಎಂಬ ಹೆಸರಿಟ್ಟು, ಅದನ್ನು ರೋಗಗಳ ಮೂಲಗಳಲ್ಲಿ ಎಣಿಸಿದ್ದಾನೆ. ಕನ್ನಡದಲ್ಲಿ ಇದಕ್ಕಿಂತ ಚೊಕ್ಕವಾದ ಪದ ನಮಗೆ ತೋಚದು. ಹಗಲು ನಿದ್ದೆಯ ಬಗ್ಗೆ ಮಾತ್ರ ಎರಡು ದಾರಿಗಳು ಸ್ವಲ್ಪ ಬೇರೆಯಾಗುತ್ತವೆ: ನಡುಹಗಲಿನ ಕೈಲೂಲ ನಮಗೆ ಸುನ್ನತ್ತು, ಆಯುರ್ವೇದವು ಬೇಸಿಗೆಯಲ್ಲಿ ಬಿಟ್ಟರೆ ಹಗಲು ನಿದ್ದೆಯನ್ನು ಸಾಮಾನ್ಯವಾಗಿ ಒಪ್ಪದು. ಜಗಳೂರಿನ ಏಪ್ರಿಲ್ ತಿಂಗಳಲ್ಲಿ ಇಬ್ಬರೂ ರಾಜಿಯಾಗುತ್ತಾರೆ.

ಪುಡಿಯ ಮಾತು ಬಂದಿತು. ಚನ್ನಗಿರಿಯಲ್ಲಿ ನಿಂತು ಅಡಿಕೆಯ ವಿರುದ್ಧ ಮಾತಾಡುವುದು ಸುಲಭವಲ್ಲ. ಅಡಿಕೆ ಕೊಯ್ಯುವ, ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸದಿಂದ ಎಷ್ಟೋ ಬಡ ಮನೆಗಳ ಒಲೆ ಉರಿಯುತ್ತದೆ. ಆದರೂ ಸತ್ಯವನ್ನು ಮುಚ್ಚಿಡಲಾಗದು. ಅಡಿಕೆಯಲ್ಲಿರುವ ಅರೆಕೊಲಿನ್ ನರಗಳನ್ನು ಕೆರಳಿಸುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿದ ಮೇಲೆ ಅಡಿಕೆಯ ಪೊಟ್ಟಣ, ತಂಬಾಕಿನ ಪೊಟ್ಟಣ ಬೇರೆಬೇರೆಯಾಗಿ ಬಂದವು, ಬೆರೆಸುವ ಕೆಲಸ ಅಂಗೈಗೆ ಬಿತ್ತು, ಅಷ್ಟೇ. ದಿನಕ್ಕೆ ಹತ್ತು ಪೊಟ್ಟಣ ಹರಿಯುವ ಯುವಕ ಮನಸ್ಸು ನಿಲ್ಲುತ್ತಿಲ್ಲವೆಂದು ದುಆ ಕೇಳಲು ಬಂದರೆ, ದುಆ ಮಾಡೋಣ. ಕಿಸೆಯನ್ನೂ ಬರಿದು ಮಾಡಿಸೋಣ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಅತ್ಯಗತ್ಯ. ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೂ ಅದೇ. ತಳಮಳ ಬೇರೆ, ಕಾಯಿಲೆ ಬೇರೆ. ಆಹಾರ, ನಿದ್ದೆ, ಇಬಾದತ್ತುಗಳಿಂದ ದಿನನಿತ್ಯದ ಚಡಪಡಿಕೆ ತಗ್ಗಬಹುದು. ಖಿನ್ನತೆಯ ಮೇಲೂ ಆಹಾರ ಪರಿಣಾಮ ಬೀರುತ್ತದೆಂಬುದಕ್ಕೆ ಆಸ್ಟ್ರೇಲಿಯಾದಲ್ಲಿ 67 ಮಂದಿಯ ಮೇಲೆ ಹನ್ನೆರಡು ವಾರ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಭರವಸೆ ಕೊಡುತ್ತದೆ; ಆದರೆ ಅಲ್ಲಿಯೂ ಬಹುತೇಕರು ಔಷಧ ಅಥವಾ ಆಪ್ತಸಲಹೆಯನ್ನು ಬಿಟ್ಟಿರಲಿಲ್ಲ. ಇಲ್ಲದ ದನಿಗಳು ಕೇಳಿಸುವುದು, ಸಾಯಬೇಕೆನಿಸುವುದು, ವಾರಗಟ್ಟಲೆ ಹಾಸಿಗೆ ಬಿಟ್ಟೇಳಲಾಗದಿರುವುದು, ವುಝೂವಿನ ವಸ್ವಸದಲ್ಲಿ ಚರ್ಮ ಬಿರಿಯುವಷ್ಟು ತೊಳೆದುಕೊಳ್ಳುವುದು, ಇವಕ್ಕೆ ಒಂದೆಲಗದ ತಂಬುಳಿ ಮದ್ದಲ್ಲ. ಇದನ್ನು ನಮ್ಮ ಪೂರ್ವಿಕರು ಅರಿಯದವರೇನಲ್ಲ. 934ರಲ್ಲಿ ತೀರಿಕೊಂಡ ಅಬೂ ಝೈದ್ ಬಲ್ಖಿ ದೇಹದ ಆರೋಗ್ಯಕ್ಕೂ ಮನಸ್ಸಿನ ಆರೋಗ್ಯಕ್ಕೂ ಸೇರಿ ಒಂದೇ ಗ್ರಂಥ ಬರೆದು, ಕಾರಣ ಗೊತ್ತಿರುವ ದುಃಖ ಮತ್ತು ಕಾರಣವೇ ಕಾಣದ ದುಃಖ ಎಂದು ವಿಂಗಡಿಸಿದರು. ಎರಡನೆಯದಕ್ಕೆ ದೇಹದಲ್ಲಿ ಮೂಲವಿದೆಯೆಂದು ಹೇಳಿದರು. ವಸ್ವಸಕ್ಕೂ ಆ ಗ್ರಂಥದಲ್ಲಿ ಪ್ರತ್ಯೇಕ ಸ್ಥಾನವಿದೆ. ಸಾವಿರ ವರ್ಷಗಳ ಹಿಂದೆ ಒಬ್ಬ ಮುಸ್ಲಿಂ ವಿದ್ವಾಂಸ ಕಾಯಿಲೆಯೆಂದು ಗುರುತಿಸಿದ್ದನ್ನು ನಾವಿಂದು ಈಮಾನಿನ ಕೊರತೆ ಎನ್ನುವುದೇ?

2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟು ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋದ ಮನೆಯವರು ಕ್ರೂರಿಗಳಾಗಿರಲಿಲ್ಲ, ಗುಣವಾಗಲೆಂದೇ ಬಿಟ್ಟಿದ್ದರು. ನಮ್ಮ ಸೀಮೆಯಲ್ಲಿ ಸರಪಳಿ ಇಲ್ಲದಿರಬಹುದು. ಆದರೆ ಮಗಳ ಮದುವೆಗೆ ಅಡ್ಡಿಯಾಗುತ್ತದೆಂದು ಅವಳ ಕಾಯಿಲೆಯನ್ನು ಕೋಣೆಯೊಳಗೆ ಮುಚ್ಚಿಡುವುದು, ಆಮಿಲರ ಮಾತಿಗೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿಬಿಡುವುದು ನಡೆಯುತ್ತಲೇ ಇದೆ. ಹಾಗೆ ನಿಲ್ಲಿಸುವುದು ಅಪಾಯಕರ. ಮಾತ್ರೆಯ ಜೊತೆಗೆ ಗೊತ್ತುಗುರಿಯಿಲ್ಲದ ಭಸ್ಮ, ಲೇಹ್ಯಗಳನ್ನು ಸೇವಿಸುವುದೂ ಅಷ್ಟೇ ಅಪಾಯಕರ. ಸೀಸ, ಪಾದರಸ ಸೇರಿದ ನಕಲಿ ಔಷಧಗಳು ಮಾರುಕಟ್ಟೆಯಲ್ಲಿವೆ. ಆಯುರ್ವೇದ ಬೇಕೆನ್ನುವವರು ಪದವಿ, ನೋಂದಣಿಯುಳ್ಳ ವೈದ್ಯರ ಬಳಿಗೆ ಹೋಗಲಿ, ತಾವು ನುಂಗುತ್ತಿರುವ ಇಂಗ್ಲಿಷ್ ಮಾತ್ರೆಗಳನ್ನು ಅವರಿಗೆ ತೋರಿಸಲಿ. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂಬ ಹದೀಸನ್ನು ಬುಖಾರಿಯಲ್ಲಿ ಓದುತ್ತೇವೆ; ಒಂಟೆಯನ್ನು ಕಟ್ಟಿಹಾಕಿ ನಂತರ ತವಕ್ಕುಲ್ ಮಾಡು ಎಂಬುದನ್ನು ಮಕ್ಕಳಿಗೆ ಕಲಿಸುತ್ತೇವೆ. ಮನೋವೈದ್ಯರ ಬಾಗಿಲಿಗೆ ಹೋಗುವುದು ಒಂಟೆ ಕಟ್ಟುವ ಕೆಲಸವೇ.

ನ್ಯಾಮತಿ ಎಂಬ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಮಗೆ 'ನಿಅಮತ್' ಎಂಬ ಅರಬಿ ಪದ ನೆನಪಾಗುತ್ತದೆ. ಊರಿನ ಹೆಸರಿಗೂ ಆ ಪದಕ್ಕೂ ನಂಟಿದೆಯೆಂದು ಸಾಧಿಸಲು ಹೊರಟಿಲ್ಲ, ಇದು ಕಿವಿಯ ಆಟ ಮಾತ್ರ. ಎರಡು ನಿಅಮತ್‌ಗಳ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ, ಒಂದು ಆರೋಗ್ಯ, ಇನ್ನೊಂದು ಬಿಡುವು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು.

ಮಸೀದಿಯ ಕಮಿಟಿಗಳು ಮನಸ್ಸು ಮಾಡಿದರೆ ದೊಡ್ಡ ಖರ್ಚಿಲ್ಲದೆ ಆಗುವ ಕೆಲಸಗಳಿವೆ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ವಿಚಾರಿಸಿ, ಹಿಂದಿನ ಶುಕ್ರವಾರ ಖುತ್ಬಾದ ನಂತರ ಒಂದು ಮಾತು ಹೇಳಿದರೆ ಸಾಕು. ಹೊರಗೆ ಹೋಗಲು ನಾಚುವವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸರ್ಕಾರಿ ಸೇವೆ ಉಚಿತ, ಹಗಲುರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕ ಈ ಐದು ಅಂಕೆಗಳನ್ನು ಬರೆಯಲು ಒಂದು ಸೀಮೆಸುಣ್ಣ ಬೇಕು. ಹೆಂಗಸರು ಬರುವ ಇಜ್ತಿಮಾಗಳಲ್ಲಿಯೂ ಅದನ್ನು ಹೇಳಿಸಬೇಕು, ಏಕೆಂದರೆ ಆ ಬೋರ್ಡನ್ನು ಅವರು ನೋಡುವುದಿಲ್ಲ. ಬರುವ ರಮಝಾನಿನಲ್ಲಿ ಇಫ್ತಾರಿನ ಬೋಂಡಾ, ಸಮೋಸಗಳ ತಟ್ಟೆಯನ್ನು ಸ್ವಲ್ಪ ಚಿಕ್ಕದು ಮಾಡಿ, ಖರ್ಜೂರದ ಬಳಿಕ ಎಲ್ಲರಿಗೂ ಒಂದೊಂದು ಬಟ್ಟಲು ಬಿಸಿ ಗಂಜಿ ಕೊಡುವ ಮಸೀದಿ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವುದು ಮೊದಲಾಗುತ್ತದೋ ನೋಡಬೇಕೆಂಬ ಆಸೆ ನಮಗಿದೆ.